ಊರು ಬಿಟ್ಟವರ ಪಟ್ಟಿ

ಹಣಮವ್ವ ಬೈಯಲು ಶುರು ಮಾಡಿದರೆ ಮೂರು ವಸ್ತಿಗಳಿಗೆ ಕೇಳಿಸುತ್ತದೆ. ಬಾಯಿ ಮಾಡುವುದರಲ್ಲಿ ನಾನೂ ಏನು ಕಡಿಮೆಯವಳಲ್ಲ. ನನ್ನ ಗಂಡ ವಿಜಯಕುಮಾರ ಕಿರಾಣಿ ಅಂಗಡಿಯಲ್ಲಿ ಕೂತು, "ಸಾವಕಾಶ ಮಾತಾಡ ಶೈಲಾ, ಗಿರಾಕಿ ಓಡಿ ಹೋಗ್ತಾರ" ಎಂದು ದಿನಕ್ಕೆ ನಾಲ್ಕು ಸಲವಾದರೂ ಅನ್ನುತ್ತಾರೆ. ಆದರೂ ಹಣಮವ್ವನ ಮುಂದೆ ನನ್ನದು ಬೆಕ್ಕಿನ ಮರಿಯ ದನಿ.

ನಾನು ಆಶಾ ಕಾರ್ಯಕರ್ತೆ. ಜತ್ತ ತಾಲೂಕಿನ ದರಿಬಡಚಿಯ ಕಡೆಗೆ, ಗಡಿಯ ಮರಾಠಿ ಬದಿಗೆ, ಡಾಂಬರು ಮುಗಿದು ಖಡಿ ಶುರುವಾಗುವಲ್ಲಿ ನಮ್ಮೂರು. ಹದಿನಾಲ್ಕು ವರ್ಷದಿಂದ ಇದೇ ಊರಿನ ಬಸಿರು, ಬಾಣಂತನ, ಲಸಿಕೆ, ಜ್ವರಗಳ ಲೆಕ್ಕ ಇಟ್ಟವಳು. ಕಲಿತದ್ದು ಕನ್ನಡ ಸಾಲಿಯಲ್ಲಿ, ವರದಿ ಬರೆಯುವುದು ಮರಾಠಿಯಲ್ಲಿ. ಇದನ್ನು ಮಾತ್ರ ಕನ್ನಡದಲ್ಲೇ ಬರೆಯುತ್ತಿದ್ದೇನೆ, ಯಾಕೆಂದರೆ ಇದು ವರದಿಯಲ್ಲ. ವರದಿಯಲ್ಲಿ ನಾನು ಸುಳ್ಳು ಬರೆದಾಗಿದೆ.

ಹಣಮವ್ವ ಕುರುಬರಾಕೆ. ವಯಸ್ಸು ಐವತ್ತೈದು ಇರಬಹುದು, ಕೇಳಿದರೆ "ದೊಡ್ಡ ಬರಗಾಲದಾಗ ನಾ ಕೈಕೂಸು" ಅನ್ನುತ್ತಾಳೆ. ಎತ್ತರದ ಆಳು. ನಡೆದರೆ ಹಿಂದೆ ಬಂದವರು ಓಡಬೇಕು. ಗಂಡ ಸಾತಪ್ಪ ಬಲು ಮೆತ್ತಗಿನ ಮನುಷ್ಯ, ಮಾತಾಡುವ ಕೆಲಸವನ್ನೆಲ್ಲ ಹೆಂಡತಿಗೆ ಬಿಟ್ಟಿದ್ದಾನೆ. ಕಬ್ಬಿನ ಸೀಮೆಯ ಸಾಹುಕಾರರ ಹತ್ತಿರ ಹೊಲದಲ್ಲಿ ಕುರಿ ನಿಲ್ಲಿಸಲು ಎಷ್ಟು ಜೋಳ ಕೊಡುತ್ತೀರಿ ಎಂದು ಚೌಕಾಶಿ ಮಾಡುವವಳು ಇವಳೇ. ಅರ್ಧ ಕನ್ನಡ, ಅರ್ಧ ಮರಾಠಿ, ಉಳಿದದ್ದು ಬೈಗುಳ. ಸಾಹುಕಾರರು ನಗುತ್ತಲೇ ಇನ್ನೊಂದು ಪಾಯಲಿ ಜಾಸ್ತಿ ಅಳೆಯುತ್ತಿದ್ದರಂತೆ. ನೂರಿಪ್ಪತ್ತು ಕುರಿಗಳಲ್ಲಿ ಯಾವುದು ಕೆಮ್ಮಿತು ಎಂದು ಬೆನ್ನು ತಿರುಗಿಸಿ ಕೂತೇ ಹೇಳುವವಳು. ಸೊಸೆ ಕಾಜಲ್‌ಳ ಹೆರಿಗೆಯಲ್ಲಿ ಮಗು ಅಡ್ಡ ಬಂದು, ನಾನು ಗಾಡಿ ತರಿಸಿ ಜತ್ತಿಗೆ ಓಡಿಸಿ, ತಾಯಿ ಮಗು ಇಬ್ಬರೂ ಉಳಿದರು. ಅವತ್ತಿನಿಂದ ನನ್ನ ಮೇಲೆ ಅವಳಿಗೆ ಎಲ್ಲಿಲ್ಲದ ನಂಬಿಕೆ. ಆ ನಂಬಿಕೆಗೇ ನಾನು ಕೊಡಲಿ ಹಾಕಿದೆ.

ನಮ್ಮೂರಲ್ಲಿ ಒಂಬತ್ತು ಕುರುಬರ ಮನೆಗಳಿವೆ. ದೀಪಾವಳಿ ಮುಗಿಯುವುದೇ ತಡ, ತಟ್ಟು ಕುದುರೆಯ ಮೇಲೆ ಹಾಸಿಗೆ, ಪಾತ್ರೆ, ಕೋಳಿ, ಆಗಷ್ಟೇ ಹುಟ್ಟಿದ ಮರಿಗಳನ್ನು ಹೇರಿಕೊಂಡು ಒಂಬತ್ತೂ ಮನೆಯವರು ಪಡುವಣಕ್ಕೆ, ಕೃಷ್ಣಾ ದಂಡೆಗೆ ಹೊರಡುತ್ತಾರೆ. ಮೃಗಶಿರಾ ಮಳೆ ಬಿದ್ದ ಮೇಲೆ ತಿರುಗಿ ಬರುತ್ತಾರೆ. ಅವರ ಅಜ್ಜಂದಿರ ಕಾಲದಿಂದಲೂ ಹೀಗೇ. ಇದು ಊರಿನ ನಾಯಿಗೂ ಗೊತ್ತು. ಹೊರಡುವ ದಿನ ಹಣಮವ್ವ ಮನೆಗೆ ಕೀಲಿ ಜಡಿದು, ಕೀಲಿಕೈ ತಂದು ನನ್ನ ಕೈಗೆ ಕೊಟ್ಟು, "ನಡಬರಕ ಒಮ್ಮಿ ಬಾಗಲಾ ತಗದು ಗಾಳಿ ಆಡಸವ್ವಾ, ಇಲಿ ಭಾಳ ಆಗ್ತಾವ" ಎಂದು ಹೇಳಿ ಹೋಗುವಳು. ನಮ್ಮ ದೇವರ ಕೋಣೆಯ ಪಕ್ಕದ ಮೊಳೆಗೆ ಅದನ್ನು ನೇತುಹಾಕುತ್ತಿದ್ದೆ.

ಕಳೆದ ದೀಪಾವಳಿಯದಲ್ಲ, ಅದರ ಹಿಂದಿನ ದೀಪಾವಳಿಯ ಮಾತು. ಸರಕಾರದ ಆರೋಗ್ಯ ಕಾರ್ಡು ಎಲ್ಲರಿಗೂ ಮಾಡಿಸಬೇಕೆಂದು ಆದೇಶ ಬಂತು. ಕಾರ್ಡು ಇದ್ದವರಿಗೆ ದೊಡ್ಡ ಕಾಯಿಲೆ ಬಂದರೆ ಆಪರೇಷನ್ನು ಪುಕ್ಕಟೆ. ನನ್ನ ಮೊಬೈಲಿನಲ್ಲೇ ಹೆಸರು ಹುಡುಕಿ, ಸಣ್ಣ ಯಂತ್ರದ ಮೇಲೆ ಹೆಬ್ಬೆಟ್ಟು ಒತ್ತಿಸಿ, ಮುಖದ ಫೋಟೊ ಹೊಡೆಯುವುದು. ಕಬ್ಬು ಕಡಿಯಲು ಹೋಗುವವರನ್ನೂ ಲಾರಿ ಏರುವ ಮೊದಲೇ ಹಿಡಿದು ಮಾಡಿಸಿದೆ. ಅಷ್ಟು ಚುರುಕು ನಾನು. ಆದರೆ ಆ ಯಂತ್ರ ನನ್ನ ಕೈಗೆ ಬಂದದ್ದೇ ಕುರುಬರು ಹೋದ ನಾಲ್ಕು ದಿನಕ್ಕೆ. ಒಂಬತ್ತು ಮನೆ, ನಲವತ್ತೊಂದು ಜನ ಉಳಿದುಬಿಟ್ಟರು.

ನಮ್ಮ ಮೇಲಿನವರು ಮಂಗಲಾಬಾಯಿ. ವಾರಕ್ಕೊಮ್ಮೆ ಸ್ಕೂಟಿಯ ಮೇಲೆ ಬಂದು ಪಟ್ಟಿ ನೋಡುತ್ತಾರೆ. ಅವತ್ತು ಮೊಬೈಲ್ ಕೈಗೆ ತಗೊಂಡು ನೋಡಿ ಖುಷಿಯಾದರು.

"ಶೈಲಾತಾಯಿ, ನಿಮ್ಮೂರು ಮುಗೀತಾನೇ ಬಂತಲ್ರಿ! ಇಷ್ಟ ಮುಗಿದ್ರ ನೂರಕ್ಕ ನೂರು. ಇವರೆಲ್ಲಾ ಎಲ್ಲಿ?"

"ಕುರಿ ತಗೊಂಡು ಹೋಗ್ಯಾರ್ರಿ. ಮೃಗಶಿರಕ್ಕ ಬರ್ತಾರ."

"ಅಲ್ಲೀತನಾ ಕಾಯಾಕ ಆಗೂದಿಲ್ಲ. ಸೋಮವಾರ ಪಟ್ಟಿ ಬಂದ್ ಆಗತದ. ಹೋಗಿ ಮಾಡಿಸ್ಕೊಂಡ ಬರ್ರಿ, ಇಲ್ಲಾಂದ್ರ ಏನರೆ ಕಾರಣಾ ಹಾಕ್ರಿ."

ಅಷ್ಟೇ ಅವರು ಹೇಳಿದ್ದು. ಸುಳ್ಳು ಕಾರಣ ಹಾಕಿರಿ ಎಂದು ಹೇಳಲಿಲ್ಲ. ಮೊಬೈಲಿನಲ್ಲಿ ಮೂರು ಕಾರಣಗಳಿದ್ದವು. ಬಾಕಿ ಇದೆ, ಮರಣ, ಕಾಯಂ ಸ್ಥಳಾಂತರ. ಬಾಕಿ ಎಂದು ಒತ್ತಿದರೆ ನೂರಕ್ಕೆ ನೂರು ಆಗುವುದಿಲ್ಲ. ಕಾಯಂ ಸ್ಥಳಾಂತರ ಎಂದರೆ ಶಾಶ್ವತವಾಗಿ ಊರು ಬಿಟ್ಟವರು, ಅವರು ಲೆಕ್ಕಕ್ಕೇ ಇಲ್ಲ. ಸಾತಪ್ಪನಿಗೆ ಫೋನ್ ಹಚ್ಚಿದ್ದರೆ ಎಲ್ಲಿದ್ದಾರೆ ಎಂದು ಗೊತ್ತಾಗುತ್ತಿತ್ತು. ಎಸ್.ಟಿ. ಹತ್ತಿದ್ದರೆ ಅರ್ಧ ದಿನದ ದಾರಿ. ಆದರೆ ಮನೆಯಲ್ಲಿ ನಾದಿನಿಯ ಕೂಸಿನ ತೊಟ್ಟಿಲ ಕಾರ್ಯ, ಶೇಂಗಾದ ಹೋಳಿಗೆ ಮಾಡಬೇಕು, ಮೈ ಕೈ ನೋವು, ನನಗೇನು ಹೋಗು ಬಾ ಎಂದು ಬಸ್ ಚಾರ್ಜು ಕೊಡುತ್ತಾರಾ ಎಂಬ ಸಿಟ್ಟು ಬೇರೆ. ಆ ಸಿಟ್ಟನ್ನೇ ಮುಂದೆ ಮಾಡಿಕೊಂಡು ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ನಲವತ್ತೊಂದು ಹೆಸರುಗಳ ಮುಂದೆ ಒಂದೊಂದಾಗಿ ಒತ್ತಿದೆ. ಕಾಯಂ ಸ್ಥಳಾಂತರ. ಕಾಯಂ ಸ್ಥಳಾಂತರ. ಅವರ ಮನೆಯ ಕೀಲಿಕೈ ನನ್ನ ಗೋಡೆಗೆ ಜೋತಾಡುತ್ತಿತ್ತು, ನಾನು ಅವರು ಊರು ಬಿಟ್ಟರೆಂದು ಬರೆಯುತ್ತಿದ್ದೆ. ಹತ್ತು ನಿಮಿಷವೂ ಹಿಡಿಯಲಿಲ್ಲ.

ಮುಂದಿನ ವರ್ಷ ಯಾರಾದರೂ ಕೇಳಿದರೆ ಮತ್ತೆ ಸೇರಿಸಿದರಾಯಿತು ಅಂದುಕೊಂಡೆ. ಯಾರೂ ಕೇಳಲಿಲ್ಲ. ಜನವರಿ ಇಪ್ಪತ್ತಾರಕ್ಕೆ ಪಂಚಾಯತಿಯಲ್ಲಿ ಝೆಂಡಾ ಏರಿಸಿದ ಮೇಲೆ ನನಗೆ ಶಾಲು ಹೊದಿಸಿ ತೆಂಗಿನಕಾಯಿ ಕೊಟ್ಟರು. ಚಪ್ಪಾಳೆ ಹೊಡೆದರು. ಫೋಟೊದಲ್ಲಿ ನಾನು ಹಲ್ಲು ಕಿರಿದು ನಿಂತಿದ್ದೇನೆ.

ಮೃಗಶಿರಾ ಮಳೆಗೆ ಕುರುಬರು ಬಂದರು. ಹಣಮವ್ವ ಬೆಲ್ಲದ ಪೆಂಟೆ ತಲೆಯ ಮೇಲೆ ಹೊತ್ತು ನೆಟ್ಟಗೆ ನಮ್ಮ ಪಡಸಾಲೆಗೇ ಬಂದಳು.

"ಶೈಲವ್ವಾ, ನಿನಗ ಶಾಲ ಹಾಕಿದ್ರಂತಲ್ಲ! ಅಲ್ಲೇ ಹೊಳಿ ದಂಡಿಗಿ ನಮಗ ಸುದ್ದಿ ಬಂತು. ನಮ್ಮ ಊರ ಹುಡುಗಿ ಅಂತ ನಾ ಎಲ್ಲಾರ ಮುಂದ ಹೇಳೀನಿ. ತಗೋ, ಬಾಯಿ ಸೀ ಮಾಡ್ಕೋ."

ನನ್ನ ಬಾಯಿಗೆ ಬೆಲ್ಲ ಇಟ್ಟಳು. ಸಾಯಲಿ, ಅದನ್ನು ನುಂಗಿಯೂಬಿಟ್ಟೆ. ಆಮೇಲೆ ಅವಳು ಬಾಗಿಲ ಕಡೆ ನೋಡಿ, ಗಂಡಸರು ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಕುಬಸದ ಗಂಟು ಸಡಿಲಿಸಿದಳು.

"ಇದೊಂದ ನೋಡ. ಸಂಕ್ರಾಂತಿ ಹಿಂದ ಮುಂದ ಕೈಗೆ ಹತ್ತೇತಿ. ಕುರಿ ಕೆಚ್ಚಲಾ ಬಾತಾಗ ಆಗತೇತಲ್ಲ, ಹಂಗ. ಅರಿಷಿಣಾ ಹಚ್ಚಿದ್ನಿ, ಎಕ್ಕಿ ಎಲಿ ಕಟ್ಟಿದ್ನಿ, ಇಳೀಲಿಲ್ಲ."

ಮುಟ್ಟಿ ನೋಡಿದೆ. ಎಡ ಮೊಲೆಯ ಮೇಲುಗಡೆ, ಅಡಿಕೆಗಿಂತ ದೊಡ್ಡದು, ಕಲ್ಲಿನಂತೆ ಗಟ್ಟಿ. ತರಬೇತಿಯಲ್ಲಿ ಇದನ್ನೇ ಹುಡುಕಿರಿ ಎಂದು ನಮಗೆ ಹೇಳಿಕೊಟ್ಟಿದ್ದರು.

"ಐದು ತಿಂಗಳಾತಲ್ಲ ಹಣಮಕ್ಕ! ಅಲ್ಲೇ ಯಾರಿಗರೆ ತೋರಸಬೇಕಿಲ್ಲೇನ?" ಎಂದು ಗದರಿದೆ.

"ಪರ ಊರಾಗ ಗಂಡ ಡಾಕ್ಟರ್‌ಗ ಎದಿ ತಗದು ತೋರಸ್ಲೇನ? ನೀ ಅದಿಯಲ್ಲ, ನಿನಗ ತೋರಸಬೇಕಂತ ಇಟಗೊಂಡ ಬಂದೀನಿ" ಅಂದಳು.

ನಮ್ಮವರು ಜಡ್ಡಿಗೆಲ್ಲ ಬಿಜಾಪುರಕ್ಕೇ ಓಡುವವರು. ಹತ್ತಿರ, ಮತ್ತೆ ಅಲ್ಲಿ ಕನ್ನಡದಲ್ಲಿ ನೋವು ಹೇಳಿಕೊಳ್ಳಬಹುದು. ಆದರೆ ಕಾರ್ಡು ನಡೆಯುವುದು ಮಿರಜದ ಕಡೆ ಎಂದು ನಾನೇ ಅವಳನ್ನು ಮಿರಜಕ್ಕೆ ಕರೆದುಕೊಂಡು ಹೊರಟೆ. ನಂಬುತ್ತೀರಾ ಇಲ್ಲವಾ, ಬಸ್ಸಿನಲ್ಲಿ ಕೂತು ಜತ್ತ ದಾಟುವ ತನಕ ನನಗೆ ಆ ಪಟ್ಟಿ ನೆನಪಿಗೇ ಬರಲಿಲ್ಲ. ಕವಠೇಮಹಾಂಕಾಳದ ಸ್ಟ್ಯಾಂಡಿನಲ್ಲಿ ಹಣಮವ್ವ ಹೊಸ ಸೀರೆಯ ಸೆರಗಿನಿಂದ ಆಧಾರ್ ಕಾರ್ಡು ತೆಗೆದು ಒರೆಸುತ್ತಿದ್ದಾಗ ಧಸಕ್ ಎಂದು ನೆನಪಾಯಿತು. ತಿರುಗಿ ಹೋಗೋಣ ಎಂದರೆ ಯಾಕೆ ಎಂದು ಕೇಳುತ್ತಾಳೆ. ಹಾಗೇ ಕೂತೆ.

ಮಿರಜದ ದವಾಖಾನೆಯಲ್ಲಿ ಕಾರ್ಡು ಯೋಜನೆಯ ಮೇಜಿನ ಹಿಂದೆ ಕೂತ ಹುಡುಗಿ ನಂಬರು ಹೊಡೆದಳು. ಮತ್ತೊಮ್ಮೆ ಹೊಡೆದಳು. ಆಮೇಲೆ ಸ್ಕ್ರೀನನ್ನೇ ನಮ್ಮ ಕಡೆಗೆ ತಿರುಗಿಸಿ ಮರಾಠಿಯಲ್ಲಿ, "ಇವರು ಊರಲ್ಲಿಲ್ಲ ಅಂತ ಇದೆಯಲ್ಲ ತಾಯಿ? ಹೆಸರು ಪಟ್ಟಿಯಿಂದ ಹೋಗಿದೆ" ಅಂದಳು. ಸ್ಕ್ರೀನಿನ ಮೇಲೆ ನಾನು ಒತ್ತಿದ ಎರಡು ಶಬ್ದ, ನಾನು ಒತ್ತಿದ ತಾರೀಖು. ಹಣಮವ್ವನಿಗೆ ಓದಲು ಬಾರದು, ಹುಡುಗಿಯ ಪೇಟೆಯ ಮರಾಠಿ ಪೂರ್ತಿ ತಿಳಿಯಲಿಲ್ಲ.

"ಏನಂತಾಳವ್ವಾ?"

"ಸರ್ವರ್ ಡೌನ್ ಐತಂತ" ಅಂದೆ.

"ಹಾಂ, ಅದ. ರೇಷನ್ ದುಕಾನದಾಗೂ ಹಂಗ ಆಗತೈತಿ" ಎಂದು ಸಮಾಧಾನದಿಂದ ಎದ್ದಳು. ಹೊರಗೆ ಬಂದು ನನಗೇ ಚಹಾ ಕುಡಿಸಿದಳು.

ಕಾರ್ಡು ಇಲ್ಲದೆ ಆಪರೇಷನ್ನಿಗೆ ಅರ್ಧ ಹಿಂಡು ಮಾರಬೇಕಿತ್ತು. ಸಾತಪ್ಪ ಮಾರಲು ತಯಾರಿದ್ದ. ಬೇಡ, ಕಾರ್ಡು ಮಾಡಿಸುತ್ತೇನೆ, ಎಂಟು ದಿನದ ಕೆಲಸ ಎಂದು ತಡೆದವಳು ನಾನೇ. ನನ್ನ ತಪ್ಪಿಗೆ ಅವರ ಕುರಿ ಹೋಗಬಾರದು ಎಂಬ ಒಳ್ಳೆಯ ಬುದ್ಧಿ ಅದು ಎಂದು ನನಗೆ ನಾನೇ ಹೇಳಿಕೊಂಡೆ. ಎಂಟು ದಿನ ನಾಲ್ಕು ತಿಂಗಳಾಯಿತು. ಊರು ಬಿಟ್ಟವರೆಂದು ಒಮ್ಮೆ ಬರೆದರೆ, ಅವರು ಊರಲ್ಲಿದ್ದಾರೆ ಎಂದು ಸಾಬೀತು ಮಾಡುವುದು ಎಷ್ಟು ಕಷ್ಟ ಎಂದು ಆಗ ತಿಳಿಯಿತು. ಊರಲ್ಲೇ ವಾಸವೆಂಬ ರಹಿವಾಸಿ ದಾಖಲೆ, ಗ್ರಾಮಸೇವಕರ ಸಹಿ, ಪಂಚರ ಹೇಳಿಕೆ, ಮತ್ತೆ ಅರ್ಜಿ, ಮತ್ತೆ ಮೇಲಿನವರ ಮಂಜೂರಿ. ಮೊಬೈಲ್ ತೆಗೆದರೆ ಪೆಂಡಿಂಗ್, ಮರುದಿನ ತೆಗೆದರೂ ಪೆಂಡಿಂಗ್. ಹಣಮವ್ವನ ಮುಖದ ಮುಂದೆ ಹೋಗಲು ಹೆದರಿ ಲಸಿಕೆಯ ದಿನ ಬೇರೆ ಓಣಿಯಿಂದ ಸುತ್ತಿ ಹೋಗುತ್ತಿದ್ದೆ.

ಕೊನೆಗೆ ಅವಳೇ ಹಿಡಿದು ಕೇಳಿದಳು. ಯಾರೋ ನಿನ್ನ ಹೆಸರು ಪಟ್ಟಿಯಿಂದ ತೆಗೆದುಬಿಟ್ಟಿದ್ದಾರೆ ಎಂದೆ. ಅವಳು ರಸ್ತೆಯ ನಡುವೆ ಸೊಂಟಕ್ಕೆ ಸೆರಗು ಸಿಗಿಸಿ ನಿಂತಳು.

"ಯಾವ ಭಾಡ್ಯಾ ತಗದಾನ? ಅವನ ಕೈಗಿ ಹುಳಾ ಬೀಳಲಿ! ಅವನ ಮನ್ಯಾಗಿನವ್ರ ಜಡ್ಡ ಬಿದ್ದಾಗ ಅವನಿಗಿ ತಿಳೀಲಿ!"

ಸೊಸೆ ಕಾಜಲ್, "ಸಾಕ ಬಿಡ್ರಿ ಅತ್ತಿ" ಎಂದು ತೋಳು ಜಗ್ಗಿದಳು. ನಾನು ರಿಜಿಸ್ಟರಿನ ಕೆಳಗೆ ಬಲಗೈ ಅಡಗಿಸಿಕೊಂಡು ನಿಂತಿದ್ದೆ. ಮನೆಗೆ ಬಂದು ಕೈ ತೊಳೆದೆ, ಯಾಕೆ ತೊಳೆದೆನೋ ಗೊತ್ತಿಲ್ಲ.

ಇಲ್ಲಿ ಇನ್ನೊಂದು ಮಾತು ಹೇಳಬೇಕು. ಹೇಳದಿದ್ದರೆ ಇದೂ ಇನ್ನೊಂದು ಸುಳ್ಳು ವರದಿಯಾಗುತ್ತದೆ. ಆ ನಾಲ್ಕೂ ತಿಂಗಳು ಒಂಬತ್ತೂ ಮನೆಯವರು ಊರಲ್ಲೇ ಇದ್ದರು. ನಾನು ಅರ್ಜಿ ಹಾಕಿದ್ದು ಹಣಮವ್ವನ ಮನೆಯ ಐದು ಹೆಸರಿಗೆ ಮಾತ್ರ. ಒಂದು ಮನೆಯದಾದರೆ ಕಣ್ತಪ್ಪು ಅನ್ನಬಹುದು. ಒಂಬತ್ತು ಮನೆಗೆ ಒಟ್ಟಿಗೆ ಹಾಕಿದರೆ ಯಾರು ತೆಗೆದದ್ದು ಎಂದು ಕೇಳುತ್ತಾರೆ. ಶಾಲು ಹೊದಿಸಿದವರೇ ಕೆಲಸದಿಂದ ತೆಗೆಯುತ್ತಾರೆ. ಮೊದಲು ಹಣಮಕ್ಕನದು ಆಗಲಿ, ಉಳಿದವರು ಗಟ್ಟಿಮುಟ್ಟಾಗಿದ್ದಾರೆ, ಮುಂದೆ ನೋಡಿದರಾಯಿತು ಅಂದುಕೊಂಡೆ.

ಮಂಜೂರಿ ಬಂದಾಗ ದೀಪಾವಳಿ ಮುಗಿದಿತ್ತು. ಸಾತಪ್ಪ, ಮಗ ಸೋಮಲಿಂಗ ಇಬ್ಬರೂ ಉಳಿದ ಮನೆಯವರ ಜೊತೆ ಕುರಿ ಹೊಡೆದುಕೊಂಡು ಹೋಗಿದ್ದರು. ಕುರಿ ಉಪವಾಸ ಕೂಡುವುದಿಲ್ಲವಲ್ಲ. ಕಾಜಲ್ ಮತ್ತು ನಾನು ಹಣಮವ್ವನನ್ನು ಮಿರಜದಲ್ಲಿ ಸೇರಿಸಿದೆವು. ಸೇರಿಸಿದ ಮೇಲಿನ ಖರ್ಚಿಗೆ ಕಾರ್ಡು. ಅದಕ್ಕೂ ಮೊದಲಿನ ತಪಾಸಣೆ, ಸ್ಕ್ಯಾನಿಂಗು, ಬಸ್ಸು, ಊಟ ಎಲ್ಲ ಕೈಯಿಂದಲೇ. ಅದಕ್ಕೆಂದು ಆರು ಕುರಿ ಹೋದವು. ಎಡ ಮೊಲೆ ಪೂರ್ತಿ ತೆಗೆದರು, ಕಂಕುಳದ ಗಂಟುಗಳನ್ನೂ ತೆಗೆದರು.

ಮರುದಿನ ದೊಡ್ಡ ಡಾಕ್ಟರರು ರೌಂಡಿಗೆ ಬಂದರು. ಫೈಲ್ ನೋಡಿ ಹಣಮವ್ವನಿಗೆ ಮರಾಠಿಯಲ್ಲಿ ಬೈದರು. ಸಿಟ್ಟಿನಿಂದಲ್ಲ, ಸಂಕಟಪಟ್ಟು ಬೈದರು. "ಮಳೆಗಾಲ ಶುರುವಾದಾಗಲೇ ಬಂದಿದ್ದರೆ ಗಂಟಷ್ಟೇ ತೆಗೆಯುತ್ತಿದ್ದೆ ಅಜ್ಜಿ. ಈಗ ಕಂಕುಳಕ್ಕೆ ಇಳಿದಿದೆ. ಇಷ್ಟು ತಡ ಮಾಡಿ ಬಂದರೆ ನಾವೇನು ಮಾಡಬೇಕು? ಇನ್ನು ಹದಿನೈದು ದಿನಕ್ಕೊಮ್ಮೆ ಸಲಾಯಿನ್‌ನಲ್ಲಿ ಕೀಮೋ ಔಷಧ, ಆಮೇಲೆ ನೋಡೋಣ."

ಇಡೀ ಸೀಮೆಯ ಸಾಹುಕಾರರ ಬಾಯಿ ಮುಚ್ಚಿಸುವ ಹಣಮವ್ವ ಶಾಲೆಯ ಹುಡುಗಿಯ ಹಾಗೆ ತಲೆ ಕೆಳಗೆ ಹಾಕಿ, "ತಪ್ಪ ಆತ್ರಿ ಸಾಹೇಬ್ರ" ಅಂದಳು. ನಾನು ಪಕ್ಕದಲ್ಲೇ ಫೈಲ್ ಹಿಡಿದುಕೊಂಡು ನಿಂತಿದ್ದೆ. ನನಗೆ ತಡೆಯಲಾಗಲಿಲ್ಲ. ಡಾಕ್ಟರರು ಆಚೆಯ ಮಂಚಕ್ಕೆ ಹೋದದ್ದೇ ತಡ, ಅವಳ ಕಾಲ ಹತ್ತಿರ ಕೂತೆ.

"ಹಣಮಕ್ಕ, ತಡಾ ಮಾಡಿದಾಕಿ ನೀ ಅಲ್ಲ. ನಿನ್ನ ಹೆಸರ ತಗದಾಕಿ ನಾನ. ನೀವು ಕಾಯಂ ಊರು ಬಿಟ್ಟೀರಿ ಅಂತ ನಾನ ಬರದೀನಿ."

ಅವಳು ನನ್ನ ಮುಖ ನೋಡಿದಳು. ಬೈಯಲಿ ಎಂದು ಕಾದೆ. ಆಸೆಪಟ್ಟು ಕಾದೆ ಎಂದರೂ ಸರಿ.

"ಯಾಕ ಬರದಿ?"

"ಊರು ನೂರಕ್ಕ ನೂರ ಆಗಬೇಕಿತ್ತ."

"ನಾವು ಇಲ್ಲದ ನೂರ ಆತೇನ?" ಅಂದಳು. ಅಷ್ಟೇ. ಗೋಡೆಯ ಕಡೆ ಹೊರಳಿ ಮಲಗಿದಳು.

ಎರಡು ದಿನ ನನ್ನ ಜೊತೆ ಮಾತಿಲ್ಲ. ನಾನು ತಂದ ರೊಟ್ಟಿಯ ಡಬ್ಬಿಯನ್ನು ಕಾಜಲ್ ಕೈಯಲ್ಲಿ ಹಾಗೇ ತಿರುಗಿ ಕೊಟ್ಟಳು. ಬೈದು, ಥೂ ಎಂದು ಉಗುಳಿದ್ದರೆ ನಾನು ಬಾಗಿಲ ಹೊರಗೆ ಕೂತು ಅತ್ತು ಹಗುರಾಗುತ್ತಿದ್ದೆ. ಆ ಸುಖವನ್ನೂ ಅವಳು ಕೊಡಲಿಲ್ಲ. ಮೂರನೇ ದಿನ ಅವಳೇ ಕರೆದಳು.

"ಏ ಶೈಲಾ." ಶೈಲವ್ವ ಅನ್ನಲಿಲ್ಲ. "ನಮ್ಮ ಮನಿದ ಆತ. ಉಳದ ಎಂಟು ಮನಿ?"

ನಾನು ರೊಟ್ಟಿಯ ಡಬ್ಬಿಯ ಮುಚ್ಚಳ ತೆಗೆದು ಮತ್ತೆ ಹಾಕಿದೆ.

"ಅವರದೂ ತಗದಿ?"

"ಹೂಂ."

"ತಿರುಗಿ ಹಾಕಿದೇನ?"

"ಇನ್ನೂ ಇಲ್ಲ. ಮೃಗಶಿರಕ್ಕ ಬಂದ ಮ್ಯಾಲ ಹಾಕ್ತೀನಿ ಹಣಮಕ್ಕ, ನಿನ್ನಾಣಿ."

"ನನ್ನ ಆಣಿ ಬ್ಯಾಡ. ಜಡ್ಡ ಮೃಗಶಿರಾ ಕಾಯತೇತೇನ? ಹೊಲಿಗಿ ಒಣಗಲಿ. ನಾನೂ ಬರ್ತೀನಿ, ನೀನೂ ಬಾ. ಹೊಳಿ ದಂಡಿಗಿ ಹೋಗಿ ಎಲ್ಲಾರ ಹೆಬ್ಬಟ್ಟ ತಗೊಂಡ ಬರೋಣು. ಅವರ ಮುಂದ ಹೇಳೂದನೂ ನೀನ ಹೇಳು."

ಹೊಲಿಗೆ ಒಣಗಲು ಒಂದೂವರೆ ತಿಂಗಳು ಹಿಡಿಯಿತು. ನಡುವೆ ಮೂರು ಸಲ ಸಲಾಯಿನ್ ಆಗಿ ತಲೆಗೂದಲು ಉದುರಿದವು. ಆ ಒಂದೂವರೆ ತಿಂಗಳಲ್ಲಿ ನಾನೊಬ್ಬಳೇ ಹೋಗಿ ಬರಬಹುದಿತ್ತು. ಯಾಕೆ ಹೋಗಲಿಲ್ಲ ಎಂದು ನನ್ನನ್ನು ಕೇಳಬೇಡಿ. ಒಬ್ಬಳೇ ಹೇಳುವ ಧೈರ್ಯವಿರಲಿಲ್ಲ, ಅಷ್ಟೇ.

ಸಂಕ್ರಾಂತಿಯಾದ ನಾಲ್ಕು ದಿನಕ್ಕೆ ಹೊರಟೆವು. ಹಣಮವ್ವ ಬೋಳು ತಲೆಗೆ ಸೆರಗು ಬಿಗಿದುಕೊಂಡು ಕಿಟಕಿಯ ಪಕ್ಕ ಕೂತಿದ್ದಳು. ಮಡಿಲಲ್ಲಿ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಯ ಗಂಟು. "ನಮ್ಮ ಇಂದ್ರಾಬಾಯಿಗಿ ಇದಂದ್ರ ಜೀಂವಾ" ಅಂದಳು. ಇಂದ್ರಾಬಾಯಿ ಕುರುಬರ ಹಿರಿಯ ಧೂಳಪ್ಪನ ಹೆಂಡತಿ, ಹಣಮವ್ವನ ಓರಗೆಯವಳು. ಇಬ್ಬರೂ ಒಂದೇ ವರ್ಷ ಮದುವೆಯಾಗಿ ಒಂದೇ ವರ್ಷ ಈ ದಾರಿ ನಡೆಯಲು ಶುರು ಮಾಡಿದವರು. ದಾರಿಯುದ್ದಕ್ಕೂ ಹಣಮವ್ವ ನನ್ನ ಜೊತೆ ಆಡಿದ ಮಾತು ಅದೊಂದೇ.

ಪಲೂಸಿನ ಆಚೆ, ಕಬ್ಬು ಕಡಿದ ಹೊಲದಲ್ಲಿ ಕುರಿ ನಿಲ್ಲಿಸಿದ್ದರು. ಸೋಮಲಿಂಗ ರಸ್ತೆಗೇ ಬಂದು ತಾಯಿಯ ಕೈ ಹಿಡಿದು ಕರೆದೊಯ್ದ. ಅವ್ವನ ಮುಖ ನೋಡಿದ, ನನ್ನ ಮುಖ ನೋಡಿದ, ಆಮೇಲೆ ಕಣ್ಣು ತಪ್ಪಿಸಿ ಕುರಿಗಳ ಕಡೆ ನೋಡಿದ. ಬೋಳು ತಲೆ ನೋಡಿ ಹಾಗೆ ಮಾಡಿದ ಅಂದುಕೊಂಡೆ. ಗಂಡಸರು ಹೆಂಗಸರು ಎಲ್ಲ ಬಂದು ಕಂಬಳಿ ಹಾಸಿ ಕೂರಿಸಿದರು. ಬಿಸಿ ಹಾಲು ಕೊಟ್ಟರು. ಸಾತಪ್ಪ ಹೆಂಡತಿಯ ಪಕ್ಕ ಕೂತು ಕಣ್ಣು ಒರೆಸಿಕೊಂಡ.

"ಹೇಳ" ಎಂದು ಹಣಮವ್ವ ನನಗೆ ಸಣ್ಣಗೆ ಅಂದಳು.

"ಮೊದಲ ಹೆಸರ ಬರಕೊಂಡ ಬಿಡ್ತೀನಿ, ಆಮ್ಯಾಲ ಹೇಳ್ತೀನಿ" ಅಂದೆ. ಅಲ್ಲಿಯೂ ಹೇಡಿಯೇ. ಚೀಲದಿಂದ ಅರ್ಜಿಗಳನ್ನು ತೆಗೆದು, ಹಳೆಯ ಪಟ್ಟಿ ಹರಡಿ, ಹಿರಿಯರ ಮನೆಯಿಂದ ಶುರು ಮಾಡಿದೆ.

"ಧೂಳಪ್ಪ ಕಾಕಾ, ಬರ್ರಿ, ಹೆಬ್ಬಟ್ಟ ಒತ್ತರಿ."

ಮುದುಕ ಬಂದು ಒತ್ತಿದ. ಎರಡನೇ ಹೆಸರು ಓದಿದೆ.

"ಇಂದ್ರಾಬಾಯಿ ಧೂಳಪ್ಪ."

ಯಾರೂ ಏಳಲಿಲ್ಲ. ಹಣಮವ್ವ ಗಂಟನ್ನು ಮಡಿಲಿಂದ ಕೆಳಗಿಟ್ಟು ಸುತ್ತ ನೋಡಿದಳು.

"ಇಂದ್ರಾ ಎಲ್ಲಿ? ಬಂದಾಗಿಂದ ನೋಡ್ಲಾಕತ್ತೀನಿ. ಎಲ್ಲಿ ಹೋಗ್ಯಾಳ?"

ಸೋಮಲಿಂಗ ತಾಯಿಯ ಮುಂದೆ ಕುಕ್ಕರುಗಾಲಲ್ಲಿ ಕೂತ. "ಅವ್ವಾ, ನಿನಗ ಹೇಳಬ್ಯಾಡಂತ ನಾವ ಎಲ್ಲಾರೂ ಕೂಡಿ ಅಂದ್ವಿ. ನೀ ಮೊದಲ ಜಡ್ಡಿನಾಗ ಇದ್ದಿ. ಎಳ್ಳ ಅಮಾಸಿ ಹಿಂದಿನ ದಿನಾ ಹೋದ್ಲು."

ಹಣಮವ್ವ ರೊಟ್ಟಿಯ ಗಂಟನ್ನು ದೂರ ಸರಿಸಿದಳು. ಧೂಳಪ್ಪ ನನ್ನ ಮುಂದೆಯೇ ನಿಂತಿದ್ದ. ಹೆಬ್ಬೆರಳಿನ ಶಾಯಿಯನ್ನು ಧೋತರಕ್ಕೆ ಒರೆಸುತ್ತ ನನಗೇ ಹೇಳತೊಡಗಿದ. ಊರಿನ ಕೆಲಸದವಳು ಬಂದಿದ್ದಾಳೆ, ಸಾವಿನ ಸುದ್ದಿಯನ್ನು ಬರೆಸಬೇಕು ಎಂಬುದು ಅವನ ತಿಳಿವಳಿಕೆ.

"ಹೊಟ್ಟಿ ಹಿಡೀತ್ರಿ ಬಾಯಾರ. ಎರಡ ದಿನಾ ಹೊಳ್ಳ್ಯಾಡಿದ್ಲು. ದವಾಖಾನಿಗಿ ಒಯ್ದ್ವಿ. ಕರಳ ತೂತ ಬಿದ್ದೈತಿ, ಈಗಿಂದೀಗ ಕೊಯ್ಯಬೇಕು ಅಂದ್ರು. ಕಾರ್ಡ ಕೇಳಿದ್ರು. ಆಧಾರ ಕೊಟ್ನಿ. ಪಟ್ಟ್ಯಾಗ ಹೆಸರಿಲ್ಲಾ, ದೊಡ್ಡ ಸರಕಾರಿ ದವಾಖಾನಿಗಿ ಒಯ್ರಿ ಅಂದ್ರು. ದಾರ್ಯಾಗ ಟೆಂಪೋದಾಗ ಜೀಂವಾ ಬಿಟ್ಲು." ಆಮೇಲೆ ತಾನೇ ಅಂದ, "ನಾವು ತಿರುಗಾಡೂ ಮಂದಿ, ಎಲ್ಲೆ ತಪ್ಪಿ ಹೋಗಿರತೈತಿ ಹೆಸರ. ಯಾರಿಗಿ ಏನನ್ನೂದು."

ಪಟ್ಟಿ ನನ್ನ ತೊಡೆಯ ಮೇಲಿತ್ತು. ಮಳೆಗಾಲದ ನಾಲ್ಕೂ ತಿಂಗಳು ಇಂದ್ರಾಬಾಯಿ ನನ್ನ ಓಣಿಯಲ್ಲೇ ನೀರಿನ ಕೊಡ ಹೊತ್ತು ಓಡಾಡುತ್ತಿದ್ದಳು. "ಆರಾಮ ಇದ್ದೀರಿಲ್ಲರಿ?" ಎಂದು ದಿನಾ ಕೇಳುತ್ತಿದ್ದಳು. ಆರಾಮ ಎಂದು ನಾನು ಹೇಳುತ್ತಿದ್ದೆ.

"ಅಕಿ ಹೆಸರ ಈಗ ತಗದಬಿಡ್ರಿ ಬಾಯಾರ" ಎಂದ ಧೂಳಪ್ಪ. "ಸತ್ತವ್ರ ಹೆಸರ ಸರಕಾರದಾಗ ಇರಬಾರದು. ನಮಗ ಪುಕ್ಕಟಿದ್ದ ಬ್ಯಾಡ."

ಹಣಮವ್ವ ನನ್ನನ್ನೇ ನೋಡುತ್ತಿದ್ದಳು. ಈ ಸಲ ಹೇಳು ಎಂದು ಅನ್ನಲಿಲ್ಲ.

"ತಗದಾಗೇತ್ರಿ ಕಾಕಾ" ಅಂದೆ.

"ಯಾವಾಗ ತಗದ್ರಿ? ನಾವಿನ್ನೂ ಯಾರಿಗೂ ಬರಸಿಲ್ಲ."

"ಹ್ವಾದ ಕಾರ್ತೀಕ ಅಲ್ಲ, ಅದರ ಹಿಂದಿನ ಕಾರ್ತೀಕದಾಗ. ನಾನ ತಗದೀನ್ರಿ. ನಿಮ್ಮೆಲ್ಲಾರದೂ ತಗದೀನಿ. ನೀವು ಊರು ಬಿಟ್ಟ ಹೋಗೀರಿ ಅಂತ ಬರದು ತಗದೀನಿ."

ಮುದುಕ ಬೆರಳು ಮಡಚಿ ತಿಂಗಳು ಎಣಿಸಿದ. ಒಂದು ಕೈ ಮುಗಿಯಿತು, ಇನ್ನೊಂದು ಕೈಯೂ ಮುಗಿಯಿತು. ಅವನ ಮುಖದಲ್ಲಿ ಸಿಟ್ಟಿರಲಿಲ್ಲ. ಲೆಕ್ಕ ತಪ್ಪಿತೇನೋ ಎಂಬ ಗೊಂದಲವಿತ್ತು.

"ಆವಾಗ ಅಕಿ ಇದ್ಲಲ್ರಿ?" ಅಂದ.

"ಹೌದ್ರಿ ಕಾಕಾ" ಅಂದೆ. "ಇದ್ರು."